ಸಗರನಾಡಿನ ಪಠ್ಯಗಳು ಮತ್ತು ಗಣಕದ ಅಕ್ಷರ: ಕಾರ್ಯಾಚರಣ ವ್ಯವಸ್ಥೆ, ಜಾಲ ಹಾಗೂ ಕ್ಲೌಡ್ ಕುರಿತ ಒಂದು ಅಧ್ಯಯನ

1. ಪ್ರವೇಶ

ಶಹಾಪುರ ಮತ್ತು ಸುರಪುರಗಳ ಸುತ್ತಲಿನ ಸೀಮೆಯನ್ನು ಸಗರನಾಡು ಎಂದು ಕರೆಯುವುದು ವಾಡಿಕೆ. ಇಂದು ಈ ಸೀಮೆ ಯಾದಗಿರಿ ಜಿಲ್ಲೆಗೆ ಸೇರಿದೆ. ರಾಮನಾಥ ಅಂಕಿತದಲ್ಲಿ ವಚನ ರಚಿಸಿದ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ, ಕಾಲಜ್ಞಾನ ಪರಂಪರೆಯ ಕೊಡೇಕಲ್, ಮೌನೇಶ್ವರನ ತಿಂಥಣಿ ಇವೆಲ್ಲ ಇಲ್ಲಿಯವೇ. ವಚನ, ಕಾಲಜ್ಞಾನ, ತತ್ತ್ವಪದ, ಸಂಸ್ಥಾನದ ಕಾಗದಪತ್ರ, ಜನಪದ ಗೀತೆ ಹೀಗೆ ಹಲವು ಬಗೆಯ ಪಠ್ಯಗಳು ಈ ನೆಲದಲ್ಲಿ ಹುಟ್ಟಿವೆ. ಅವುಗಳ ಸಂಗ್ರಹ, ಸಂಪಾದನೆ ಮತ್ತು ವಿವೇಚನೆಯಲ್ಲಿ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ವಿಭಾಗಗಳು ದಶಕಗಳಿಂದ ತೊಡಗಿಕೊಂಡಿವೆ.

ಕಳೆದ ಮೂರು ದಶಕಗಳಲ್ಲಿ ಈ ಕೆಲಸದ ಬಹುಭಾಗ ಗಣಕಯಂತ್ರದ ಮೂಲಕವೇ ನಡೆದಿದೆ. ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ಮುದ್ರಣಕ್ಕೆ ಬಂದ ಪಠ್ಯವು ಈಗ ಗಣಕದ ಕಡತವಾಗಿದೆ. ಓಲೆ, ಶಾಯಿ, ಲಿಪಿಕಾರ, ಪ್ರತಿಗಳ ವಂಶವೃಕ್ಷ ಇವನ್ನು ಕುರಿತು ನಮ್ಮ ಗ್ರಂಥ ಸಂಪಾದನಾ ಶಾಸ್ತ್ರ ಸಾಕಷ್ಟು ಚರ್ಚಿಸಿದೆ. ಆದರೆ ಗಣಕದೊಳಗೆ ಕನ್ನಡ ಅಕ್ಷರ ಯಾವ ರೂಪದಲ್ಲಿ ಉಳಿಯುತ್ತದೆ, ಜಾಲದಲ್ಲಿ ಹೇಗೆ ಸಾಗುತ್ತದೆ, ದೂರದ ದತ್ತಾಂಶ ಕೇಂದ್ರದಲ್ಲಿ ಹೇಗೆ ಇರುತ್ತದೆ ಎಂಬ ಪ್ರಶ್ನೆಗಳನ್ನು ತಂತ್ರಜ್ಞರಿಗೆ ಬಿಟ್ಟುಕೊಟ್ಟಿದ್ದೇವೆ. ಇವು ಪಠ್ಯದ ಉಳಿವಿಗೆ ಸಂಬಂಧಿಸಿದವುಗಳಾದ್ದರಿಂದ ಕನ್ನಡ ಸಂಶೋಧಕರ ಪ್ರಶ್ನೆಗಳೂ ಹೌದು. ಗಣಕದ ಕಾರ್ಯಾಚರಣ ವ್ಯವಸ್ಥೆಯಾಗಲಿ, ಜಾಲವಾಗಲಿ, ಕ್ಲೌಡ್ ಆಗಲಿ ತಮಗೆ ಒಪ್ಪಿಸಿದ ಸಂಕೇತಗಳನ್ನು ನಿಷ್ಠೆಯಿಂದ ಕಾಯುತ್ತವೆ. ಆ ಸಂಕೇತ ಕನ್ನಡ ಅಕ್ಷರವೋ ಅಲ್ಲವೋ ಎಂಬುದನ್ನು ಅವು ನೋಡುವುದಿಲ್ಲ. ಆ ಹೊಣೆ ಪಠ್ಯವನ್ನು ಒಪ್ಪಿಸುವವರದು. ಈ ಮಾತನ್ನು ಸಗರನಾಡಿನ ಪಠ್ಯಗಳನ್ನು ಮುಂದಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಕಾರ್ಯಾಚರಣ ವ್ಯವಸ್ಥೆ ಮತ್ತು ಅಕ್ಷರ

ಗಣಕದ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಇದರ ಪರಿಚಿತ ಉದಾಹರಣೆಗಳು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಈ ಕ್ಷೇತ್ರದ ಮುಂದಿನ ಸಂಶೋಧನೆಗೆ ತಳಹದಿಯಾಯಿತು. ಕಡತವೆಂದರೆ ಬೈಟುಗಳ ಒಂದು ಸಾಲು, ಅಷ್ಟೆ, ಎಂಬುದು ಯುನಿಕ್ಸ್ ರೂಢಿಸಿದ ಸರಳ ತತ್ತ್ವ. ಬೈಟ್ ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನು ಹಿಡಿಯಬಲ್ಲ ಮನೆ. ಆ ಸಾಲಿನಲ್ಲಿರುವುದು ವಚನವೋ, ಲೆಕ್ಕಪತ್ರವೋ, ಛಾಯಾಚಿತ್ರವೋ ಎಂಬುದು ವ್ಯವಸ್ಥೆಗೆ ತಿಳಿಯಬೇಕಾಗಿಲ್ಲ. ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬುದು ಬಳಕೆದಾರರ ನಡುವಿನ ಒಪ್ಪಂದ. ಈ ಒಪ್ಪಂದವೇ ಸಂಕೇತವ್ಯವಸ್ಥೆ.

1963ರ ಆಸ್ಕಿ ಸಂಕೇತವ್ಯವಸ್ಥೆಯಲ್ಲಿ ಇದ್ದದ್ದು 128 ಸ್ಥಾನಗಳು ಮಾತ್ರ; ಅವೆಲ್ಲವೂ ಇಂಗ್ಲಿಷಿನ ಅಗತ್ಯಕ್ಕೆ ಮೀಸಲಾಗಿದ್ದವು. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡ ಇಸ್ಕಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲಕ್ಕೂ ಒಂದೇ ವರ್ಣಮಾಲಾ ಕ್ರಮವಿದೆ ಎಂಬ ಅರಿವಿನಿಂದ ಹೊರಟು, ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಸಂಖ್ಯೆಯನ್ನು ಅದು ಕೊಟ್ಟಿತು. ಅದೇ 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯು ಇಸ್ಕಿಯ ಕ್ರಮವನ್ನು ಅನುಸರಿಸಿದರೂ ಪ್ರತಿಯೊಂದು ಲಿಪಿಗೂ ಪ್ರತ್ಯೇಕ ನೆಲೆಯನ್ನು ಒದಗಿಸಿತು. ಕನ್ನಡಕ್ಕೆ ದೊರೆತದ್ದು 3200ರಿಂದ 3327ರವರೆಗಿನ 128 ಸ್ಥಾನಗಳು.

ಇದನ್ನು ಒಂದು ಊರಿನ ಹೆಸರಿನಿಂದ ನೋಡಬಹುದು. ‘ಸುರಪುರ’ ಎಂಬ ಪದ ಯೂನಿಕೋಡ್‌ನಲ್ಲಿ 3256, 3265, 3248, 3242, 3265, 3248 ಎಂಬ ಆರು ಸಂಖ್ಯೆಗಳಾಗುತ್ತದೆ. ಸಕಾರ, ಉಕಾರದ ಕೊಂಬು, ರಕಾರ, ಪಕಾರ, ಮತ್ತೆ ಕೊಂಬು, ಮತ್ತೆ ರಕಾರ ಎಂಬುದು ಇದರ ಕ್ರಮ. ಉಚ್ಚಾರಣೆಯ ಕ್ರಮವೂ ಸಂಕೇತದ ಕ್ರಮವೂ ಇಲ್ಲಿ ಒಂದೇ ಆಗಿರುವುದು ಗಮನಾರ್ಹ. ಕೊಂಬು ಅಕ್ಷರದ ಬಲಕ್ಕೆ ಬರಬೇಕೇ, ಕೆಳಗೆ ಬರಬೇಕೇ, ಒತ್ತಕ್ಷರದ ಆಕಾರ ಯಾವುದು ಎಂಬುದನ್ನೆಲ್ಲ ಕಾರ್ಯಾಚರಣ ವ್ಯವಸ್ಥೆಯೊಳಗಿನ ಅಕ್ಷರವಿನ್ಯಾಸದ ಘಟಕ ಮತ್ತು ಫಾಂಟ್ ಸೇರಿ ನಿರ್ಧರಿಸುತ್ತವೆ. ಬರೆದದ್ದು ಧ್ವನಿಯಾಗಿ ಉಳಿಯುತ್ತದೆ, ಕಾಣುವಾಗ ಮಾತ್ರ ಆಕೃತಿಯಾಗುತ್ತದೆ. ಅಕ್ಷರ ಮತ್ತು ಆಕೃತಿಗಳ ಈ ವಿಂಗಡಣೆಯೇ ಯೂನಿಕೋಡ್‌ನ ಜೀವಾಳ.

3. ಆಕೃತಿಯನ್ನೇ ಅಕ್ಷರವೆಂದು ಬಗೆದ ಕಾಲ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತ ಹತ್ತು ವರ್ಷಗಳ ಬಳಿಕ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ಕನ್ನಡದ ಅಕ್ಷರವಿನ್ಯಾಸವನ್ನು ‘ತುಂಗಾ’ ಫಾಂಟಿನೊಂದಿಗೆ ಒದಗಿಸಿತು. ಜೇಬಿನ ಫೋನುಗಳಿಗೆ ಈ ಸೌಲಭ್ಯ ಸಾಮಾನ್ಯವಾಗಿ ದೊರೆಯಲು ಇನ್ನೂ ಹತ್ತು ವರ್ಷ ಹಿಡಿಯಿತು. ಆದರೆ ಕನ್ನಡದ ಕೆಲಸ ಕಾಯುವಂತಿರಲಿಲ್ಲ. ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನೂ ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸವನ್ನೂ ಕೆ.ಪಿ. ರಾವ್ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೂ ವಿಶ್ವವಿದ್ಯಾಲಯಗಳಿಗೂ ತಲುಪಿತು. ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ‘ಕುವೆಂಪು’ ತಂತ್ರಾಂಶ ಸಿದ್ಧವಾಯಿತು. ಸಣ್ಣ ಊರಿನ ಬೆರಳಚ್ಚು ಕೇಂದ್ರದಲ್ಲೂ ಕನ್ನಡ ಗ್ರಂಥ ಸಿದ್ಧವಾಗುವಂತೆ ಮಾಡಿದ ಈ ಸಾಧನೆಗಳನ್ನು ಕಡೆಗಣಿಸುವಂತಿಲ್ಲ.

ಆದರೆ ಈ ಕಾಲದ ಫಾಂಟುಗಳು ಬಳಸಿದ ಉಪಾಯವನ್ನು ಅರಿಯುವುದು ಅವಶ್ಯಕ. ಕಾರ್ಯಾಚರಣ ವ್ಯವಸ್ಥೆಗೆ ಕನ್ನಡವೆಂಬ ಲಿಪಿ ಇದೆಯೆಂದೇ ತಿಳಿದಿರಲಿಲ್ಲ. ಆದ್ದರಿಂದ ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳನ್ನೇ ಉಳಿಸಿಕೊಂಡು, ಅವುಗಳ ಚಿತ್ರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಯಿತು. ಪರದೆಯ ಮೇಲೆ ಕಾಣುವುದು ಕನ್ನಡ. ಕಡತದಲ್ಲಿ ಉಳಿಯುವುದು ಲ್ಯಾಟಿನ್ ಅಕ್ಷರಗಳ ಗೊಂಚಲು. ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಈ ಗೊಂಚಲೇ ಎದುರಾಗುತ್ತದೆ ಎಂಬುದು ಬಹುತೇಕ ಅಧ್ಯಾಪಕರ ಅನುಭವದ ಮಾತು.

ನುಡಿಯ ಹಳೆಯ ಸಂಕೇತದಲ್ಲಿ ‘ಸುರಪುರ’ ಎಂಬ ಪದಕ್ಕೆ ಆರರ ಬದಲು ಹತ್ತು ಸಂಕೇತಗಳು ಬೇಕಾಗುತ್ತವೆ. ತಲೆಕಟ್ಟು ಅಲ್ಲಿ ಬೇರೆಯದೇ ಒಂದು ತುಣುಕು. ನಾಲ್ಕು ಅಕ್ಷರಗಳಿಗೆ ನಾಲ್ಕು ತಲೆಕಟ್ಟುಗಳು ಪ್ರತ್ಯೇಕವಾಗಿ ದಾಖಲಾಗುತ್ತವೆ. ಇದಕ್ಕಿಂತ ಗಂಭೀರವಾದದ್ದು ಮಕಾರದ ಸ್ಥಿತಿ. ಮಕಾರದ ಆಕೃತಿ ವಕಾರಕ್ಕೆ ಕೊಂಬು ಹಚ್ಚಿದಂತೆ ಇರುವುದರಿಂದ, ಆ ಸಂಕೇತದಲ್ಲಿ ಅದನ್ನು ವಕಾರ ಮತ್ತು ಕೊಂಬಿನ ತುಣುಕುಗಳನ್ನು ಸೇರಿಸಿಯೇ ದಾಖಲಿಸಲಾಗುತ್ತದೆ. ಕಣ್ಣಿಗೆ ಇದರಿಂದ ಯಾವ ತೊಡಕೂ ಇಲ್ಲ. ಆದರೆ ‘ರಾಮನಾಥ’ ಎಂಬ ಅಂಕಿತ ಕಡತದಲ್ಲಿ ಉಳಿದಾಗ ಅದರಲ್ಲಿ ಮಕಾರವೇ ಇರುವುದಿಲ್ಲ. ಇರುವುದು ಕೊಂಬು ಹೊತ್ತ ವಕಾರ. ವಕಾರವನ್ನು ಹುಡುಕಹೊರಟವನಿಗೆ ಮಕಾರಗಳೂ ಸಿಗುತ್ತವೆ. ಅರ್ಕಾವೊತ್ತಿನದು ಇನ್ನೊಂದು ಬಗೆ. ‘ಕಾರ್ಯ’ ಎಂಬಲ್ಲಿ ರಕಾರ ಮೊದಲು ಉಚ್ಚಾರವಾಗುತ್ತದೆ, ಯಕಾರ ನಂತರ. ಬರವಣಿಗೆಯಲ್ಲಿ ಅರ್ಕಾವೊತ್ತು ಯಕಾರದ ಬಲಕ್ಕೆ ಬರುವುದರಿಂದ ಹಳೆಯ ಕಡತದಲ್ಲೂ ಅದು ಯಕಾರದ ನಂತರವೇ ಕೂತಿದೆ.

ಹೀಗಾಗಿ ಆ ಕಡತಗಳನ್ನು ವರ್ಣಮಾಲಾ ಕ್ರಮದಲ್ಲಿ ಜೋಡಿಸಲು, ಪದಪ್ರಯೋಗ ಕೋಶ ಸಿದ್ಧಪಡಿಸಲು, ಒಂದು ಪದ ಎಷ್ಟು ವಚನಗಳಲ್ಲಿ ಬಂದಿದೆಯೆಂದು ಎಣಿಸಲು ನೇರವಾಗಿ ಸಾಧ್ಯವಾಗುವುದಿಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಇಂದು ದೊರೆಯುತ್ತವೆ. ತುಣುಕುಗಳನ್ನು ಕೂಡಿಸುವುದು, ಅರ್ಕಾವೊತ್ತನ್ನು ಹಿಂದಕ್ಕೆ ಸರಿಸುವುದು, ವಕಾರ ಮಕಾರಗಳನ್ನು ಬೇರ್ಪಡಿಸುವುದು ಅವುಗಳ ಕೆಲಸ. ಆದರೆ ಒಂದೇ ಪ್ರಬಂಧದಲ್ಲಿ ಎರಡು ಮೂರು ಕಂಪನಿಗಳ ಫಾಂಟುಗಳು ಬೆರೆತಿದ್ದರೆ, ನಡುವೆ ಇಂಗ್ಲಿಷ್ ಪದಗಳಿದ್ದರೆ, ಪರಿವರ್ತನೆಯ ನಂತರ ಸಾಲುಸಾಲಾಗಿ ಕರಡು ತಿದ್ದಲೇಬೇಕು. ಇದು ಲಿಪ್ಯಂತರವೇ ಆಗಿದೆ. ಅದಕ್ಕೆ ಗ್ರಂಥ ಸಂಪಾದಕನ ಕಣ್ಣು ಬೇಕು.

4. ಜಾಲದಲ್ಲಿ ಸಾಗುವ ಅಕ್ಷರ

ಗಣಕಗಳನ್ನು ಪರಸ್ಪರ ಬೆಸೆಯುವ ಜಾಲದ ಮೂಲ ಸಂಶೋಧನೆಗಳು 1960ರ ದಶಕದವು. ಸಂದೇಶವನ್ನು ಇಡಿಯಾಗಿ ಕಳುಹಿಸದೆ ಸಣ್ಣ ಪೊಟ್ಟಣಗಳಾಗಿ ಒಡೆದು, ಲಭ್ಯವಿರುವ ದಾರಿಗಳಲ್ಲಿ ಸಾಗಿಸಿ, ತಲುಪಿದಲ್ಲಿ ಮತ್ತೆ ಜೋಡಿಸುವ ವಿಧಾನವನ್ನು ಅಮೆರಿಕದ ಪಾಲ್ ಬರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಬೇರೆಬೇರೆಯಾಗಿ ಕಂಡುಕೊಂಡರು. 1969ರಲ್ಲಿ ಆರ್ಪಾನೆಟ್ ಆರಂಭವಾಯಿತು. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದ ಟಿಸಿಪಿ/ಐಪಿ ನಿಯಮಾವಳಿಯನ್ನು ಆ ಜಾಲವು 1983ರ ಜನವರಿ 1ರಂದು ಅಳವಡಿಸಿಕೊಂಡಿತು. ಭಾರತದಲ್ಲಿ 1986ರಲ್ಲಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗಾಗಿ ಅರ್ನೆಟ್ ಯೋಜನೆ ಆರಂಭವಾಯಿತು. ಸಾರ್ವಜನಿಕರಿಗೆ ಅಂತರ್ಜಾಲ 1995ರ ಆಗಸ್ಟ್ 15ರಂದು ತೆರೆಯಿತು.

ಟಿಸಿಪಿ ನಿಯಮದಲ್ಲಿ ಪ್ರತಿಯೊಂದು ಪೊಟ್ಟಣಕ್ಕೂ ಕ್ರಮಸೂಚಕ ಸಂಖ್ಯೆ ಇರುತ್ತದೆ. ಒಳಗಿನ ಬೈಟುಗಳಿಂದ ಲೆಕ್ಕಹಾಕಿದ ತಾಳೆಮೊತ್ತವೂ ಇರುತ್ತದೆ. ತಲುಪಿದಲ್ಲಿ ಮೊತ್ತ ತಾಳೆಯಾಗದಿದ್ದರೆ ಆ ಪೊಟ್ಟಣವನ್ನು ಕೈಬಿಡಲಾಗುತ್ತದೆ. ಕಳುಹಿಸಿದ ಗಣಕವು ಅದನ್ನು ಮತ್ತೊಮ್ಮೆ ಕಳುಹಿಸುತ್ತದೆ. ಕಣ್ತಪ್ಪಿನಿಂದ ಸಾಲು ಬಿಡುವ ಲಿಪಿಕಾರನ ದೋಷಕ್ಕೆ ಇಲ್ಲಿ ಅವಕಾಶ ಬಹಳ ಕಡಿಮೆ. ಆದರೆ ಈ ನಿಷ್ಠೆ ಬೈಟುಗಳಿಗೆ ಸಂಬಂಧಿಸಿದ್ದು. ಹಳೆಯ ಫಾಂಟಿನ ಕಡತವನ್ನು ಜಾಲಕ್ಕೆ ಒಪ್ಪಿಸಿದರೆ, ಅದರೊಳಗಿನ ಲ್ಯಾಟಿನ್ ಗೊಂಚಲನ್ನು ಒಂದು ತುಣುಕೂ ಕಳೆಯದಂತೆ ಜಾಲ ತಲುಪಿಸುತ್ತದೆ. ತಾಳೆಮೊತ್ತ ಸರಿಯಾಗಿರುತ್ತದೆ, ಪಠ್ಯ ಮಾತ್ರ ಓದಲು ಬರುವುದಿಲ್ಲ.

ಯೂನಿಕೋಡ್‌ನ ಸಂಖ್ಯೆಗಳು ಒಂದು ಬೈಟಿನ ಮನೆಗಿಂತ ದೊಡ್ಡವು. ಅವುಗಳನ್ನು ಬೈಟುಗಳ ಸಾಲಿಗೆ ಇಳಿಸುವ ವಿಧಾನಗಳಲ್ಲಿ ಇಂದು ಜಾಲದಲ್ಲೆಲ್ಲ ವ್ಯಾಪಿಸಿರುವ ಯುಟಿಎಫ್-8 ಕಾರ್ಯಾಚರಣ ವ್ಯವಸ್ಥೆಯ ಸಂಶೋಧನೆಯಿಂದಲೇ ಹುಟ್ಟಿದ್ದು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಬೆಲ್ ಪ್ರಯೋಗಾಲಯದ ‘ಪ್ಲಾನ್ 9’ ಎಂಬ ಹೊಸ ವ್ಯವಸ್ಥೆಗಾಗಿ ಇದನ್ನು ರೂಪಿಸಿದರು. ಇದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ತಗಲುತ್ತದೆ. ‘ಸುರಪುರ’ ಮತ್ತು ‘ಶಹಾಪುರ’ ತಲಾ 18 ಬೈಟುಗಳಾದರೆ ‘ಯಾದಗಿರಿ’ 21 ಬೈಟುಗಳಾಗುತ್ತದೆ. ಸ್ಥಳ ಹೆಚ್ಚು ಬೇಕಾದರೂ ಇದರಲ್ಲಿ ಎರಡು ಗುಣಗಳಿವೆ. ಇಂಗ್ಲಿಷಿಗಾಗಿ ಬರೆದ ಹಳೆಯ ಜಾಲ ತಂತ್ರಾಂಶಗಳು ಬಹುಮಟ್ಟಿಗೆ ಹಾಗೆಯೇ ಕೆಲಸ ಮಾಡಬಲ್ಲವು. ಪ್ರತಿಯೊಂದು ಬೈಟೂ ತಾನು ಅಕ್ಷರದ ಮೊದಲನೆಯದೋ ಮುಂದುವರಿಕೆಯೋ ಎಂಬುದನ್ನು ತನ್ನಲ್ಲೇ ಸೂಚಿಸುವುದರಿಂದ, ಒಂದು ಬೈಟ್ ಕೆಟ್ಟರೆ ಒಂದು ಅಕ್ಷರ ಮಾತ್ರ ಕೆಡುತ್ತದೆ. ಒಂದು ಗರಿ ಮುರಿದರೂ ಮುಂದಿನ ಗರಿಯನ್ನು ಓದಲಾಗುವ ಓಲೆಕಟ್ಟಿನಂತೆ ಉಳಿದ ಪಠ್ಯ ಕ್ಷೇಮವಾಗಿರುತ್ತದೆ.

5. ಕ್ಲೌಡ್‌ನ ಪ್ರತಿಗಳು ಮತ್ತು ಗ್ರಂಥ ಸಂಪಾದನೆ

ದೂರದ ದತ್ತಾಂಶ ಕೇಂದ್ರಗಳಲ್ಲಿರುವ ಸಾವಿರಾರು ಗಣಕಗಳ ಸಾಮರ್ಥ್ಯವನ್ನು ಜಾಲದ ಮೂಲಕ ಬಾಡಿಗೆಗೆ ಒದಗಿಸುವ ಏರ್ಪಾಡನ್ನು ಕ್ಲೌಡ್ ಎನ್ನುತ್ತಾರೆ. 2006ರಲ್ಲಿ ಅಮೆಜಾನ್ ಸಂಸ್ಥೆ ಎಸ್3 ಎಂಬ ಸಂಗ್ರಹ ಸೇವೆಯನ್ನು ಆರಂಭಿಸಿದ್ದು ಇದರ ಮುಖ್ಯ ಘಟ್ಟ. ಗೂಗಲ್‌ನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇಂತಹ ಸಂಗ್ರಹದ ಒಳವಿನ್ಯಾಸವನ್ನು ವಿವರಿಸುತ್ತದೆ. ಅಗ್ಗದ ಯಂತ್ರಗಳು ಆಗಾಗ ಕೆಡುವುದು ಸಹಜವೆಂದು ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಕಡತವನ್ನು 64 ಮೆಗಾಬೈಟಿನ ಖಂಡಗಳಾಗಿ ಒಡೆದು, ಪ್ರತಿ ಖಂಡಕ್ಕೂ ಸಾಮಾನ್ಯವಾಗಿ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡಲಾಗುತ್ತದೆ. ಒಂದು ಪ್ರತಿ ನಾಶವಾದರೆ ಉಳಿದವುಗಳಿಂದ ಹೊಸ ಪ್ರತಿ ತಾನಾಗಿ ಸಿದ್ಧವಾಗುತ್ತದೆ.

ಪ್ರತಿಗಳ ಸಂಖ್ಯೆ ಹೆಚ್ಚಿದಷ್ಟೂ ಪಠ್ಯ ಕ್ಷೇಮ ಎಂಬುದು ನಮ್ಮ ಹಸ್ತಪ್ರತಿ ಪರಂಪರೆಯ ನಂಬಿಕೆಯೂ ಹೌದು. ಆದರೆ ಎರಡೂ ಬಗೆಯ ಪ್ರತಿಗಳ ನಡುವಿನ ಅಂತರವನ್ನು ಸಂಪಾದನಾ ಶಾಸ್ತ್ರದ ದೃಷ್ಟಿಯಿಂದ ಗುರುತಿಸುವುದು ಅಗತ್ಯ. ಬೇರೆ ಬೇರೆ ಮಠಗಳಲ್ಲಿ, ಬೇರೆ ಬೇರೆ ಲಿಪಿಕಾರರು ಬರೆದ ಮೂರು ಓಲೆಪ್ರತಿಗಳು ಮೂರು ಸಾಕ್ಷಿಗಳು. ಅವುಗಳ ಪಾಠಾಂತರಗಳನ್ನು ಹೋಲಿಸಿ ಸಂಪಾದಕನು ಶುದ್ಧಪಾಠವನ್ನು ನಿರ್ಣಯಿಸುತ್ತಾನೆ. ಕ್ಲೌಡ್‌ನ ಮೂರು ಪ್ರತಿಗಳು ಒಂದೇ ಸಾಕ್ಷಿ. ಮೂಲ ಕಡತದಲ್ಲಿ ತಪ್ಪು ಸೇರಿದ್ದರೆ ಮೂರರಲ್ಲೂ ಅದೇ ತಪ್ಪು ಇರುತ್ತದೆ. ಬಳಕೆದಾರ ಕಡತವನ್ನು ಅಳಿಸಿದರೆ ಮೂರೂ ಅಳಿಯುತ್ತವೆ. ಖಾತೆ ಮುಚ್ಚಿದರೆ ಮೂರೂ ಕೈತಪ್ಪುತ್ತವೆ. ಯಂತ್ರದ ವೈಫಲ್ಯದಿಂದ ಕ್ಲೌಡ್ ಕಾಪಾಡುತ್ತದೆ, ಮನುಷ್ಯನ ಅಜಾಗರೂಕತೆಯಿಂದ ತಾನಾಗಿ ಕಾಪಾಡುವುದಿಲ್ಲ.

ಈ ಕೊರತೆಯನ್ನು ಗ್ರಂಥಾಲಯ ಕ್ಷೇತ್ರ ಗುರುತಿಸದೆ ಇಲ್ಲ. 1999ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಲಾಕ್ಸ್’ ಯೋಜನೆಯಲ್ಲಿ ಪರಸ್ಪರ ಸ್ವತಂತ್ರವಾದ ಗ್ರಂಥಾಲಯಗಳು ತಮ್ಮ ತಮ್ಮ ಪ್ರತಿಗಳನ್ನು ಇಟ್ಟುಕೊಂಡು, ಜಾಲದ ಮೂಲಕ ಆಗಾಗ ಅವುಗಳನ್ನು ತಾಳೆ ನೋಡುತ್ತವೆ. ಒಂದರ ಪ್ರತಿ ಕೆಟ್ಟಿದ್ದರೆ ಉಳಿದವುಗಳ ಬಹುಮತದಿಂದ ಅದನ್ನು ಸರಿಪಡಿಸಲಾಗುತ್ತದೆ. ಇನ್ನೊಂದು ದಾರಿಯನ್ನು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕರ್ತೃ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ ತೋರಿಸಿತು. ಅದರಲ್ಲಿ ಪ್ರತಿಯೊಂದು ತಿದ್ದುಪಡಿಯೂ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ವಿವರದೊಂದಿಗೆ ಉಳಿಯುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮತ್ತು ಅದರ ಸಹಯೋಜನೆಯಾದ ವಿಕಿಸೋರ್ಸ್‌ಗಳಲ್ಲೂ ಪ್ರತಿ ಪುಟಕ್ಕೆ ಇಂತಹ ಇತಿಹಾಸವಿದೆ. ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುವ ಶಿಸ್ತನ್ನು ರೂಢಿಸಿಕೊಂಡ ನಮಗೆ ಇದು ಹೊಸತಲ್ಲ, ಪರಿಚಿತ ಶಿಸ್ತಿನ ಇನ್ನೊಂದು ರೂಪ.

6. ಪಹಣಿ ಮತ್ತು ಪ್ರಬಂಧ

ಗಣಕ ಮತ್ತು ಜಾಲ ಸಗರನಾಡಿನ ಸಾಮಾನ್ಯ ಜನರ ಬದುಕನ್ನು ಮೊದಲು ಮುಟ್ಟಿದ್ದು ಸಾಹಿತ್ಯದ ಮೂಲಕವಲ್ಲ, ಹೊಲದ ಕಾಗದದ ಮೂಲಕ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು 2000ದಿಂದ 2002ರ ಅವಧಿಯಲ್ಲಿ ರಾಜ್ಯದ ತಾಲ್ಲೂಕುಗಳಿಗೆ ವಿಸ್ತರಿಸಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಲಾಯಿತು. ಆಗ ಗುಲಬರ್ಗಾ ಜಿಲ್ಲೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳ ತಾಲ್ಲೂಕು ಕೇಂದ್ರಗಳಲ್ಲೂ 15 ರೂಪಾಯಿ ಕೊಟ್ಟು ಕನ್ನಡದಲ್ಲಿ ಮುದ್ರಿತವಾದ ಪಹಣಿ ಪಡೆಯುವುದು ಸಾಧ್ಯವಾಯಿತು. ದಾಖಲೆಯನ್ನು ತಿದ್ದುವ ಅಧಿಕಾರಿ ತನ್ನ ಬೆರಳಚ್ಚಿನಿಂದ ಗುರುತನ್ನು ದೃಢಪಡಿಸಬೇಕಾಗಿತ್ತು. ಯಾರು ಯಾವ ಬದಲಾವಣೆ ಮಾಡಿದರು ಎಂಬುದನ್ನು ಹೀಗೆ ಪತ್ತೆಹಚ್ಚಬಹುದಾಯಿತು. ಮುಂದೆ ರಾಜ್ಯ ವ್ಯಾಪಕ ಜಾಲವು ತಾಲ್ಲೂಕು ಕೇಂದ್ರಗಳನ್ನು ಬೆಂಗಳೂರಿನೊಂದಿಗೆ ಬೆಸೆಯಿತು. ಗ್ರಾಮ ಪಂಚಾಯಿತಿಗಳಿಗೆ ಬೆಳಕಿನೆಳೆಯ ತಂತಿ ಎಳೆಯುವ ರಾಷ್ಟ್ರೀಯ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆಯಿತು.

ಇದರ ಪಕ್ಕದಲ್ಲಿ ನಮ್ಮ ಸಂಶೋಧನಾ ಪ್ರಬಂಧಗಳ ಸ್ಥಿತಿಯನ್ನು ಇಟ್ಟು ನೋಡಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮದಂತೆ ಎಂ.ಫಿಲ್. ಮತ್ತು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸುವುದು ಕಡ್ಡಾಯವಾಯಿತು. ‘ಶೋಧಗಂಗಾ’ ಭಂಡಾರದಲ್ಲಿ ಕನ್ನಡ ಪ್ರಬಂಧಗಳೂ ಸೇರುತ್ತ ಬಂದವು. ಅವುಗಳಲ್ಲಿ ಎಷ್ಟೋ ಪುಟಗಳು ಬರಿಯ ಚಿತ್ರಗಳು, ಇಲ್ಲವೇ ಹಳೆಯ ಫಾಂಟಿನ ಪಿಡಿಎಫ್ ಕಡತಗಳು. ತೆರೆದು ಓದಬಹುದು, ಒಳಗಿನ ಪದವನ್ನು ಹುಡುಕಲಾಗುವುದಿಲ್ಲ. ಸುರಪುರ ತಾಲ್ಲೂಕಿನ ರೈತನೊಬ್ಬ ಸರ್ವೆ ನಂಬರ್ ಹೇಳಿ ತನ್ನ ಹೊಲದ ದಾಖಲೆಯನ್ನು ಕ್ಷಣದಲ್ಲಿ ಪಡೆಯಬಲ್ಲ. ಅದೇ ತಾಲ್ಲೂಕಿನ ವಿದ್ಯಾರ್ಥಿಯೊಬ್ಬಳು ‘ರಾಮನಾಥ’ ಎಂಬ ಅಂಕಿತ ಹೇಳಿ ಅದರ ಮೇಲೆ ನಡೆದ ಚರ್ಚೆಗಳನ್ನು ಪಡೆಯಲಾರಳು. ಪಹಣಿ ಹುಡುಕುವುದಕ್ಕೆಂದೇ ಕಟ್ಟಿದ ದಾಖಲೆ. ಪ್ರಬಂಧವನ್ನು ಮುದ್ರಿಸಿ ರಟ್ಟು ಹಾಕಿಸುವುದಕ್ಕಷ್ಟೇ ಬೆರಳಚ್ಚು ಮಾಡಿಸಲಾಯಿತು. ಈ ವ್ಯತ್ಯಾಸಕ್ಕೆ ಕಾರಣ ಯಂತ್ರವಲ್ಲ, ನಾವು ಇಟ್ಟುಕೊಂಡ ಗುರಿ.

ಗುರಿ ಬದಲಾದಾಗ ಏನು ಸಾಧ್ಯವೆಂಬುದಕ್ಕೆ ‘ವಚನ ಸಂಚಯ’ ನಿದರ್ಶನವಾಗಿದೆ. ಸಮಗ್ರ ವಚನ ಸಂಪುಟಗಳ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ನಲ್ಲಿ ಒದಗಿಸಿ, ಪದವೊಂದು ಯಾವ ಯಾವ ವಚನಕಾರರಲ್ಲಿ ಬಂದಿದೆಯೆಂದು ತೋರಿಸುವ ಈ ತಾಣವನ್ನು ತಂತ್ರಜ್ಞರು ಮತ್ತು ಸಾಹಿತ್ಯಾಸಕ್ತರು ಸೇರಿ ರೂಪಿಸಿದರು. ದಾಸಿಮಯ್ಯನ ವಚನಗಳ ಪದಬಳಕೆಯನ್ನು ಬಸವಣ್ಣನ ವಚನಗಳೊಂದಿಗೆ ಹೋಲಿಸುವ ಕೆಲಸಕ್ಕೆ ಹಿಂದೆ ತಿಂಗಳುಗಟ್ಟಲೆ ಚೀಟಿ ಬರೆಯಬೇಕಾಗಿತ್ತು. ಈಗ ಆ ಶ್ರಮ ಉಳಿದು, ವಿವೇಚನೆಗೆ ಕಾಲ ದೊರೆಯುತ್ತದೆ.

7. ಸಗರನಾಡಿನ ಪಠ್ಯಗಳು ಒಡ್ಡುವ ಸಮಸ್ಯೆಗಳು

ಯೂನಿಕೋಡ್ ಬಳಸಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ಭಾವಿಸುವಂತಿಲ್ಲ. ಈ ಪ್ರದೇಶದ ಪಠ್ಯಗಳು ಮುಂದಿಡುವ ಕೆಲವು ಸಮಸ್ಯೆಗಳನ್ನು ಇಲ್ಲಿ ಗುರುತಿಸಬಹುದು.

ಮೊದಲನೆಯದು ಒಂದೇ ಪದಕ್ಕೆ ಎರಡು ಸಂಕೇತಸಾಲುಗಳಿರುವುದು. ‘ಕೊಡೇಕಲ್’ ಎಂಬ ಹೆಸರಿನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ದಾಖಲಿಸಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಸೇರಿಸಿಯೂ ದಾಖಲಿಸಬಹುದು. ಏತ್ವದ್ದೂ ಹೀಗೆಯೇ. ಮೊದಲ ಬಗೆಯಲ್ಲಿ ಏಳು ಸಂಕೇತಗಳು, ಎರಡನೆಯದರಲ್ಲಿ ಒಂಬತ್ತು. ಕಣ್ಣಿಗೆ ಎರಡೂ ಒಂದೇ. ಇವು ಸಮಾನವೆಂದು ಯೂನಿಕೋಡ್ ವಿಧಿಸಿದೆಯಾದರೂ, ಆ ವಿಧಿಯನ್ನು ಪಾಲಿಸದ ತಂತ್ರಾಂಶದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ‘ಸೂರ್ಯ’ ಮತ್ತು ‘ಸೂರ‍್ಯ’ ಎಂಬ ಎರಡು ಬರವಣಿಗೆಗಳ ನಡುವೆಯೂ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಅಡಗಿದೆ. ಆದ್ದರಿಂದ ಪಠ್ಯಭಂಡಾರ ಕಟ್ಟುವ ಮೊದಲು ಸಂಕೇತಗಳನ್ನು ಏಕರೂಪಕ್ಕೆ ತರುವ ಹಂತ ಕಡ್ಡಾಯವಾಗಬೇಕು.

ಎರಡನೆಯದು ಹಳಗನ್ನಡದ ಅಕ್ಷರಗಳ ಪ್ರಶ್ನೆ. ೞಕಾರಕ್ಕೆ ಯೂನಿಕೋಡ್‌ನಲ್ಲಿ ಸ್ಥಾನವಿದೆ, ಆದರೆ ಅದರ ಅಧಿಕೃತ ಹೆಸರು ಮೊದಲಿನಿಂದಲೂ ‘ಫಾ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಲಾಗಿದೆ. ಸಂಖ್ಯೆಯ ಕ್ರಮದಲ್ಲಿ ಅದು ಹಕಾರದ ನಂತರ ಬರುವುದರಿಂದ ಗಣಕವು ಯಾಂತ್ರಿಕವಾಗಿ ಜೋಡಿಸಿದ ಪದಪಟ್ಟಿಯಲ್ಲಿ ೞಕಾರವಿರುವ ಪದಗಳು ಹಿಂದಕ್ಕೆ ಸರಿಯುತ್ತವೆ. ಶಾಸನ ಮತ್ತು ಹಸ್ತಪ್ರತಿಗಳಲ್ಲಿ ಕಾಣುವ ನಕಾರಪೊಲ್ಲುವಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 2021ರಲ್ಲಿ. ಹಳಗನ್ನಡ ಬಲ್ಲವರು ಮಾನಕಗಳ ಚರ್ಚೆಯಲ್ಲಿ ಪಾಲ್ಗೊಂಡರೆ ಮಾತ್ರ ಇಂತಹ ಕೊರತೆಗಳು ಬೇಗ ನೀಗುತ್ತವೆ.

ಮೂರನೆಯದು ಲಿಪಿವೈವಿಧ್ಯ. ಸುರಪುರ ಸಂಸ್ಥಾನ 1858ರ ದಂಗೆಯ ನಂತರ ಬ್ರಿಟಿಷರ ವಶವಾಗಿ, 1860ರಲ್ಲಿ ನಿಜಾಮನ ರಾಜ್ಯಕ್ಕೆ ಸೇರಿತು. ಹೀಗಾಗಿ ಈ ಸೀಮೆಯ ಚರಿತ್ರೆಯ ಅಧ್ಯಯನಕ್ಕೆ ಕನ್ನಡದೊಂದಿಗೆ ಮೋಡಿ, ಪಾರಸಿ, ಉರ್ದು ಬರಹಗಳೂ ಬೇಕು. ಮೋಡಿ ಲಿಪಿ 2014ರಲ್ಲಿ ಯೂನಿಕೋಡ್ ಸೇರಿದ್ದರಿಂದ ಈ ಎಲ್ಲ ಲಿಪಿಗಳನ್ನು ಒಂದೇ ಕಡತದಲ್ಲಿ ಅಕ್ಕಪಕ್ಕ ಇಡುವುದು ಸಾಧ್ಯವಾಗಿದೆ. ಆದರೆ ಕೊಡೇಕಲ್ ಪರಂಪರೆಯ ಕಾಲಜ್ಞಾನ ಹಸ್ತಪ್ರತಿಗಳೊಂದಿಗೆ ಹೆಸರು ಹೆಣೆದುಕೊಂಡಿರುವ ಅಮರಗನ್ನಡ ಲಿಪಿಗೆ ಅಂತಹ ಪ್ರತ್ಯೇಕ ನೆಲೆ ಇಲ್ಲ. ಅದರ ಪಠ್ಯವನ್ನು ಕನ್ನಡಕ್ಕೆ ಲಿಪ್ಯಂತರಿಸಿ ಮಾತ್ರ ಉಳಿಸಿದರೆ ಲಿಪಿಯ ಸಾಕ್ಷ್ಯ ಕಳೆಯುತ್ತದೆ. ಆದ್ದರಿಂದ ಲಿಪ್ಯಂತರದೊಂದಿಗೆ ಪ್ರತಿಪುಟದ ಛಾಯಾಚಿತ್ರವೂ ಜೊತೆಗಿರಬೇಕು.

ನಾಲ್ಕನೆಯದು ಹೆಸರುಗಳ ಸಮಸ್ಯೆ. ಸುರಪುರ ಹಳೆಯ ಗ್ರಂಥಗಳಲ್ಲಿ ಶೋರಾಪುರ. ಯಾದಗಿರಿ ಹಲವೆಡೆ ಯಾದಗೀರ. 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು, 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಒಂದೇ ಊರಿನ ಹಸ್ತಪ್ರತಿ ಒಂದು ಸೂಚಿಯಲ್ಲಿ ‘ಗುಲಬರ್ಗಾ ಜಿಲ್ಲೆ, ಶೋರಾಪುರ ತಾಲ್ಲೂಕು’ ಎಂದೂ ಇನ್ನೊಂದರಲ್ಲಿ ‘ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು’ ಎಂದೂ ಇದ್ದರೆ ಗಣಕಕ್ಕೆ ಅವು ಎರಡು ಊರುಗಳು. ಜೇಡರ ದಾಸಿಮಯ್ಯ ಮತ್ತು ದೇವರ ದಾಸಿಮಯ್ಯ ಒಬ್ಬರೇ ಅಥವಾ ಬೇರೆಯೇ ಎಂಬ ವಿದ್ವತ್ ಚರ್ಚೆಯೂ ಇಲ್ಲಿ ನೆನಪಾಗುತ್ತದೆ. ದತ್ತಾಂಶ ಕೋಷ್ಟಕದಲ್ಲಿ ಕರ್ತೃವಿಗೆ ಒಂದೇ ಮನೆ ಇದ್ದರೆ, ಇನ್ನೂ ತೀರ್ಮಾನವಾಗದ ಚರ್ಚೆಯನ್ನು ದತ್ತಾಂಶ ತುಂಬುವ ನೌಕರ ತೀರ್ಮಾನಿಸಿಬಿಡುತ್ತಾನೆ. ಕೋಷ್ಟಕವನ್ನು ರಚಿಸುವ ಕೆಲಸವೇ ಒಂದು ಸಂಶೋಧನೆ ಎಂಬುದನ್ನು ಇದು ತೋರಿಸುತ್ತದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಕಾರ್ಯಗಳು ಸ್ಪಷ್ಟವಾಗುತ್ತವೆ. ಪ್ರತಿಯೊಂದು ಕನ್ನಡ ವಿಭಾಗವೂ ತನ್ನಲ್ಲಿರುವ ಹಳೆಯ ಪ್ರಬಂಧ ಮತ್ತು ಸಂಪಾದಿತ ಕೃತಿಗಳ ಮೂಲ ಕಡತಗಳನ್ನು ಪಟ್ಟಿಮಾಡಿ, ಯಾವ ಕಡತ ಯಾವ ಫಾಂಟಿನಲ್ಲಿದೆ ಎಂಬುದನ್ನು ಮೊದಲು ದಾಖಲಿಸಬೇಕು. ಅದು ಬೆರಳಚ್ಚು ಮಾಡಿದವರಿಗೆ ಇನ್ನೂ ನೆನಪಿರುವಾಗಲೇ ಆಗಬೇಕಾದ ಕೆಲಸ. ಪರಿವರ್ತನೆಯ ನಂತರ ಕರಡು ತಿದ್ದುವುದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಗ್ರಂಥ ಸಂಪಾದನೆಯ ಅಭ್ಯಾಸವಾಗಿ ರೂಢಿಸಬಹುದು. ಪರಿವರ್ತಿತ ಪಠ್ಯದೊಂದಿಗೆ ಮೂಲ ಕಡತವನ್ನೂ ಫಾಂಟನ್ನೂ ಉಳಿಸಿಕೊಳ್ಳಬೇಕು. ವಿಭಾಗದಲ್ಲಿ ಒಂದು, ಶಹಾಪುರ ಅಥವಾ ಸುರಪುರದ ಕಾಲೇಜು ಗ್ರಂಥಾಲಯದಲ್ಲಿ ಒಂದು, ಸಾರ್ವಜನಿಕ ಭಂಡಾರದಲ್ಲಿ ಒಂದು ಹೀಗೆ ಪರಸ್ಪರ ಸ್ವತಂತ್ರವಾದ ಪ್ರತಿಗಳಿದ್ದು, ವರ್ಷಕ್ಕೊಮ್ಮೆ ತಾಳೆ ನೋಡುವ ಪದ್ಧತಿ ಬಂದರೆ ಅವು ನಿಜವಾದ ಅರ್ಥದಲ್ಲಿ ಮೂರು ಪ್ರತಿಗಳಾಗುತ್ತವೆ.

ಈ ಕೆಲಸಕ್ಕೆ ಈಗ ಹೊಸ ತುರ್ತೂ ಒದಗಿದೆ. ಭಾಷೆಯನ್ನು ಕಲಿಯುವ ಯಂತ್ರಗಳು ಜಾಲದಲ್ಲಿ ಅಕ್ಷರರೂಪದಲ್ಲಿ ದೊರೆಯುವ ಪಠ್ಯದಿಂದಲೇ ಕನ್ನಡವನ್ನು ಕಲಿಯುತ್ತಿವೆ. ಹಳೆಯ ಫಾಂಟಿನಲ್ಲಿ ಸಿಲುಕಿದ ಸಗರನಾಡಿನ ಸಂಶೋಧನೆ ಅವುಗಳ ಪಾಲಿಗೆ ಇಲ್ಲವೇ ಇಲ್ಲ. ನಾಳೆ ವಿದ್ಯಾರ್ಥಿಯೊಬ್ಬ ಮುದನೂರಿನ ಬಗ್ಗೆ, ತಿಂಥಣಿಯ ಬಗ್ಗೆ ಯಂತ್ರವನ್ನು ಕೇಳಿದಾಗ ದೊರೆಯುವ ಉತ್ತರ ಬಡವಾಗಿದ್ದರೆ ಅದಕ್ಕೆ ಆ ನೆಲದಲ್ಲಿ ಪಠ್ಯವಿಲ್ಲದಿರುವುದು ಕಾರಣವಲ್ಲ. ಕ್ಷೇತ್ರಕಾರ್ಯ ಮಾಡಿದವರ ಶ್ರಮ ನಮ್ಮ ಕಪಾಟುಗಳಲ್ಲಿ, ಹಳೆಯ ತಟ್ಟೆಗಳಲ್ಲಿ, ಬೇರೆ ಅಕ್ಷರಗಳ ಮರೆಯಲ್ಲಿ ಕುಳಿತಿದೆ. ಅದನ್ನು ಓದಬಲ್ಲ ಕನ್ನಡವಾಗಿ ಹೊರತರುವುದು ಇಂದಿನ ಗ್ರಂಥ ಸಂಪಾದನೆಯ ಮೊದಲ ಹೊಣೆಯಾಗಿದೆ.